ವೃತ್ತಪತ್ರಿಕೆಗಳ ಹಾಸ್ಯಚಿತ್ರಮಾಲೆ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ವಿಧವೆಂದು ಆಲಂಕಾರಿಕರು ವಿಭಾಗಿಸಿರುವುದು ವಿದಿತವೇ ಆಗಿದೆ. ನಾಟಕವು ಕಣ್ಣಿಗೆ, ಮಹಾಕಾವ್ಯವು ಕಿವಿಗೆ. ಆದರೆ ಚಿತ್ರವನ್ನೂ ಮಾತನ್ನೂ ಕೂಡಿಸಿ, ರಂಗಸ್ಥಳದ ನೆರವಿಲ್ಲದೆ, ಅಂಗೈಯಗಲದ ಕಾಗದದ ಮೇಲೆ ಕಥೆಯನ್ನು ನಡೆಸುವ ಕಲೆಯೊಂದು ಈ ಎರಡು ವರ್ಗಗಳ ನಡುವೆ ನಿಂತಿದೆ. ದಿನಪತ್ರಿಕೆಗಳಲ್ಲಿ ಮೂರು ನಾಲ್ಕು ಚೌಕಗಳೊಳಗೆ ಬರುವ, ಜನರು ಕಾಮಿಕ್ಸ್ ಎಂದು ಕರೆಯುವ ಹಾಸ್ಯಚಿತ್ರಮಾಲೆಯೇ ಅದು. ವಿದ್ಯಾವಂತರ ಮನೆಗಳಲ್ಲಿ ಇದಕ್ಕೆ ದೊರೆಯುವ ಮರ್ಯಾದೆಯು ಅಲ್ಪ. ಮಕ್ಕಳು ನೋಡಿ ನಗುವ ಮೂಲೆಯೆಂದು ಅದನ್ನು ಎಣಿಸುವವರೇ ಬಹಳ. ಆದರೆ ಮನೆಯ ಯಜಮಾನರು ಅಗ್ರಲೇಖನಕ್ಕೆ ಹೋಗುವ ಮೊದಲು ಆ ಮೂಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿಯೇ ಹೋಗುವರೆಂಬುದು ಮನೆಮಂದಿಗೆಲ್ಲ ತಿಳಿದ ಗುಟ್ಟು. 125 ವರ್ಷಗಳಿಗೂ ಮಿಕ್ಕು ಬಾಳಿರುವ ಈ ಕಲೆಯು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಅದಕ್ಕೆ ಇಷ್ಟು ಆಕರ್ಷಣೆ ಬಂದುದು ಏತರಿಂದ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಚಿತ್ರದಿಂದ ಕಥೆ ಹೇಳುವುದು ಹೊಸದಲ್ಲ. ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಗೂಢಚಾರನು ಯಮಪಟವನ್ನು ಹಿಡಿದು ಮನೆಮನೆಗಳನ್ನು ಹೊಕ್ಕು ಬರುವನು. ಬಾಣನ ಹರ್ಷಚರಿತದಲ್ಲಿಯೂ ಅಂಗಡಿಬೀದಿಯಲ್ಲಿ ಹುಡುಗರ ಗುಂಪಿನ ನಡುವೆ ಯಮಪಟವನ್ನು ತೋರಿಸಿ ವಿವರಿಸುವವನೊಬ್ಬನು ಬರುತ್ತಾನೆ. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಲಕ್ಷ್ಮಣನು ತೋರಿಸಿದ ವನವಾಸದ ಚಿತ್ರಗಳನ್ನು ಕಂಡು ಸೀತೆಯು ಅದು ಚಿತ್ರವೆಂಬುದನ್ನೂ ಮರೆತು ಬೆದರುವಳು. ಹಳೇಬೀಡಿನ ದೇವಾಲಯದ ಸುತ್ತುಗೋಡೆಯಲ್ಲಿ ಇತಿಹಾಸಪುರಾಣಗಳ ಪ್ರಸಂಗಗಳು ಸಾಲುಸಾಲಾಗಿ ಸಾಗುವುವು. ಪ್ರದಕ್ಷಿಣೆ ಮಾಡುವವನಿಗೆ ನಡಿಗೆಯೇ ಓದು. ಆದರೆ ಪತ್ರಿಕೆಯ ಚಿತ್ರಮಾಲೆಯು ಇವುಗಳಿಂದ ಹುಟ್ಟಿತೆಂದು ಹೇಳುವುದು ಅಭಿಮಾನದ ಮಾತಾದೀತೇ ಹೊರತು ಚರಿತ್ರೆಯ ಮಾತಾಗದು. ಅದರ ವಂಶಾವಳಿಯು ಬೇರೆ. ಅದು ಅಚ್ಚಿನ ಯಂತ್ರದ ಮಗು.

ಆ ವಂಶದ ಮೂಲಪುರುಷನು ಒಬ್ಬ ಉಪಾಧ್ಯಾಯನೆಂಬುದು ಗಮನಿಸತಕ್ಕ ಸಂಗತಿ. ಜಿನೀವಾ ನಗರದ ರೋಡಾಲ್ಫ್ ಟೋಪ್ಫರನು 1799ರಲ್ಲಿ ಚಿತ್ರಕಾರನೊಬ್ಬನ ಮಗನಾಗಿ ಹುಟ್ಟಿದನು. ತಾನೂ ಚಿತ್ರಕಾರನಾಗಬೇಕೆಂದಿದ್ದರೂ ಕಣ್ಣಿನ ದೋಷವು ಅಡ್ಡಬಂದುದರಿಂದ ಪಾಠ ಹೇಳುವುದನ್ನೇ ವೃತ್ತಿಯಾಗಿ ಹಿಡಿದು, ಹುಡುಗರ ವಸತಿಶಾಲೆಯೊಂದನ್ನು ನಡೆಸಿದನು. ಶಿಷ್ಯರ ವಿನೋದಕ್ಕಾಗಿ 1827ರಿಂದ ಅವನು ಬರೆದ ಚಿತ್ರಕಥೆಗಳ ಹಸ್ತಪ್ರತಿಗಳು ವೃದ್ಧನಾಗಿದ್ದ ಜರ್ಮನ್ ಕವಿ ಗಯಟೆಯ ಕೈಸೇರಿದುವು. ಕವಿಯು ಮೆಚ್ಚಿ ಹೊಗಳಿದನು. ಆ ಧೈರ್ಯದಿಂದ 1830ರ ದಶಕದಲ್ಲಿ ಅವು ಅಚ್ಚಾದುವು. ತನ್ನ ಪುಸ್ತಕದಲ್ಲಿ ಚಿತ್ರವಿಲ್ಲದ ಬರಹವೂ ಬರಹವಿಲ್ಲದ ಚಿತ್ರವೂ ಅಪೂರ್ಣವೆಂದೂ, ಎರಡೂ ಕೂಡಿದಾಗಲೇ ಕಥೆಯಾಗುವುದೆಂದೂ ಟೋಪ್ಫರನು ಸ್ಪಷ್ಟವಾಗಿ ಅರಿತಿದ್ದನು. ಈ ಕಲೆಗೆ ಲಕ್ಷಣವಾಕ್ಯವನ್ನು ಬರೆಯುವುದಾದರೆ ಇದಕ್ಕಿಂತ ಹೆಚ್ಚಿನದು ಬೇಕಾಗದು. 1865ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬುಷನು ‘ಮ್ಯಾಕ್ಸ್ ಮತ್ತು ಮೋರಿಟ್ಸ್’ ಎಂಬ ಇಬ್ಬರು ತುಂಟ ಹುಡುಗರ ಕಥೆಯನ್ನು ಚಿತ್ರಪದ್ಯಗಳಲ್ಲಿ ಪ್ರಕಟಿಸಿದನು.

ಇವೆಲ್ಲ ಪುಸ್ತಕಗಳು. ಪತ್ರಿಕೆಗೆ ಈ ಕಲೆಯು ಬಂದುದು ಅಮೇರಿಕಾದ ನ್ಯೂಯಾರ್ಕ್ ನಗರದಲ್ಲಿ. ಅದೂ ಕಲಾಭಿಮಾನದಿಂದಲ್ಲ, ವ್ಯಾಪಾರದ ಮೇಲಾಟದಿಂದ. ಪುಲಿಟ್ಜರನ ‘ವರ್ಲ್ಡ್’ ಪತ್ರಿಕೆಯಲ್ಲಿ 1895ರಿಂದ ರಿಚರ್ಡ್ ಔಟ್‌ಕಾಲ್ಟನು ‘ಹೋಗನ್ಸ್ ಆಲಿ’ ಎಂಬ ಹೆಸರಿನಲ್ಲಿ ಬಡವರ ಓಣಿಯೊಂದರ ನೋಟಗಳನ್ನು ಬರೆಯತೊಡಗಿದನು. ಆ ಓಣಿಯ ಬೋಳುತಲೆಯ ಹುಡುಗನೊಬ್ಬನು ಉದ್ದನೆಯ ಹಳದಿ ಅಂಗಿಯನ್ನು ತೊಟ್ಟು ‘ಯೆಲ್ಲೊ ಕಿಡ್’ ಎಂಬ ಹೆಸರಿನಿಂದ ಪ್ರಸಿದ್ಧನಾದನು. ಅವನ ಮಾತುಗಳನ್ನು ಅವನ ಅಂಗಿಯ ಮೇಲೆಯೇ ಬರೆಯುತ್ತಿದ್ದುದು ಒಂದು ವೈಚಿತ್ರ್ಯ. ಯೂರೋಪಿನ ನಾನಾ ದೇಶಗಳಿಂದ ಬಂದು ಇಂಗ್ಲಿಷಿನ ಓದು ಸಾಲದೆ ಇದ್ದ ಬಡಜನರಿಗೂ ಬಣ್ಣದ ಚಿತ್ರವು ತಿಳಿಯುತ್ತಿದ್ದಿತು. 1896ರ ಅಕ್ಟೋಬರಿನಲ್ಲಿ ಪ್ರತಿಸ್ಪರ್ಧಿಯಾದ ಹರ್ಸ್ಟನು ಹೆಚ್ಚು ಹಣ ಕೊಟ್ಟು ಔಟ್‌ಕಾಲ್ಟನನ್ನು ತನ್ನ ‘ಜರ್ನಲ್’ ಪತ್ರಿಕೆಗೆ ಸೆಳೆದುಕೊಂಡನು. ಪುಲಿಟ್ಜರನೂ ಸುಮ್ಮನಿರಲಿಲ್ಲ, ಜಾರ್ಜ್ ಲಕ್ಸ್ ಎಂಬ ಬೇರೊಬ್ಬ ಚಿತ್ರಕಾರನಿಂದ ಅದೇ ಹುಡುಗನನ್ನು ಬರೆಯಿಸಿದನು. ಒಂದೇ ನಗರದ ಎರಡು ಪತ್ರಿಕೆಗಳಲ್ಲಿ ಒಬ್ಬನೇ ಹುಡುಗನು ಏಕಕಾಲದಲ್ಲಿ ಕಾಣಿಸಿಕೊಂಡನು! ಸುದ್ದಿಯನ್ನು ಉಬ್ಬಿಸಿ ಮಾರುವ ಈ ಪತ್ರಿಕೆಗಳ ವೃತ್ತಿಗೆ ಆ ಹಳದಿ ಅಂಗಿಯ ಹೆಸರೇ ಅಂಟಿಕೊಂಡಿತು. ಕನ್ನಡದಲ್ಲಿ ‘ಪೀತಪತ್ರಿಕೆ’ ಎಂದು ನಿಂದಿಸುವವರು ಆ ಮಾತಿನ ಹಿಂದೆ ಒಬ್ಬ ಓಣಿಯ ಬಾಲಕನಿರುವುದನ್ನು ಬಹುಶಃ ನೆನೆಯುವುದಿಲ್ಲ.

ಈ ಪ್ರಸಂಗದಲ್ಲಿಯೇ ಈ ಕಲೆಯನ್ನು ಬಹುಕಾಲ ಬಾಧಿಸಿದ ಪ್ರಶ್ನೆಯೊಂದು ಹುಟ್ಟಿತು: ಪಾತ್ರವು ಸೃಷ್ಟಿಸಿದವನದೋ, ಕೂಲಿ ಕೊಟ್ಟವನದೋ? ಜರ್ಮನಿಯಲ್ಲಿ ಹುಟ್ಟಿ ಅಮೇರಿಕಾಕ್ಕೆ ಬಂದಿದ್ದ ರುಡಾಲ್ಫ್ ಡರ್ಕ್ಸನು ಬುಷನ ತುಂಟರ ಮಾದರಿಯಲ್ಲಿ ‘ಕಾಟ್ಜೆನ್‌ಜಾಮರ್ ಕಿಡ್ಸ್’ ಎಂಬ ಮಾಲೆಯನ್ನು 1897ರ ಡಿಸೆಂಬರಿನಲ್ಲಿ ಹರ್ಸ್ಟನ ಪತ್ರಿಕೆಗೆ ಆರಂಭಿಸಿದನು. ಹದಿನೈದು ವರ್ಷಗಳ ತರುವಾಯ ಅವನು ಆ ಪತ್ರಿಕೆಯನ್ನು ಬಿಡಲು ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ಹೆಸರು ಪತ್ರಿಕೆಯದೆಂದೂ, ಅವೇ ಪಾತ್ರಗಳನ್ನು ಬೇರೆ ಹೆಸರಿನಿಂದ ಬರೆಯಲು ಡರ್ಕ್ಸನಿಗೆ ಅಡ್ಡಿಯಿಲ್ಲವೆಂದೂ ತೀರ್ಮಾನವಾಯಿತು. ಇದರಿಂದ ಅವೇ ಹುಡುಗರು ಎರಡು ಹೆಸರುಗಳಲ್ಲಿ, ಎರಡು ಕೈಗಳಿಂದ, ಅನೇಕ ದಶಕಗಳ ಕಾಲ ಜೊತೆಯಾಗಿ ನಡೆದರು. ಇದಕ್ಕೆ ಪ್ರತಿಯಾಗಿ, 1907ರ ನವೆಂಬರಿನಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ ಪತ್ರಿಕೆಯಲ್ಲಿ ಕುದುರೆಜೂಜಿನ ಮಟ್ ಎಂಬವನ ಚಿತ್ರಮಾಲೆಯನ್ನು ಆರಂಭಿಸಿದ ಬಡ್ ಫಿಶರನು ಅದರ ಹಕ್ಕನ್ನು ತನ್ನ ಹೆಸರಿಗೆ ಮಾಡಿಕೊಂಡು ಅಪಾರ ಸಂಪತ್ತನ್ನು ಗಳಿಸಿದನು. ‘ಮಟ್ ಮತ್ತು ಜೆಫ್’ ಎಂದು ಮುಂದೆ ಹೆಸರಾದ ಈ ಮಾಲೆಯು ದಿನಂಪ್ರತಿ ಒಂದೇ ಅಡ್ಡಸಾಲಿನಲ್ಲಿ ಬರುವ ಪದ್ಧತಿಯನ್ನು ನೆಲೆಗೊಳಿಸಿತು. ಅಲ್ಲಿಯ ವರೆಗೆ ಭಾನುವಾರದ ವಿನೋದವಾಗಿದ್ದುದು ದಿನಚರಿಯಾಯಿತು.

ಲಾಭಕ್ಕಾಗಿ ಹುಟ್ಟಿದ್ದರೂ ಈ ಕಲೆಯು ಬಹು ಬೇಗನೆ ಪ್ರತಿಭಾವಂತರ ಕೈಸೇರಿತು. 1905ರಲ್ಲಿ ವಿನ್ಸರ್ ಮೆಕ್‌ಕೇ ಎಂಬವನು ನೀಮೋ ಎಂಬ ಬಾಲಕನ ಕನಸುಗಳನ್ನು ಭಾನುವಾರದ ಪುಟದ ಉದ್ದಗಲಕ್ಕೂ ಬರೆದನು. ಕಡೆಯ ಚೌಕದಲ್ಲಿ ಹುಡುಗನು ಮಂಚದ ಮೇಲೆಯೋ ಮಂಚದಿಂದ ಕೆಳಗೆ ಬಿದ್ದೋ ಎಚ್ಚರಗೊಳ್ಳುವನು. 1913ರಲ್ಲಿ ಜಾರ್ಜ್ ಹೆರಿಮನ್ನನ ‘ಕ್ರೇಜಿ ಕ್ಯಾಟ್’ ಸ್ವತಂತ್ರ ಮಾಲೆಯಾಯಿತು. ಬೆಕ್ಕು ಇಲಿಯನ್ನು ಪ್ರೀತಿಸುವುದು. ಇಲಿಯು ಬೆಕ್ಕಿನ ತಲೆಗೆ ಇಟ್ಟಿಗೆಯನ್ನು ಎಸೆಯುವುದು. ಬೆಕ್ಕು ಆ ಇಟ್ಟಿಗೆಯನ್ನೇ ಪ್ರೇಮದ ಕಾಣಿಕೆಯೆಂದು ತಿಳಿಯುವುದು. ನಾಯಿಯಾದ ಪೊಲೀಸನು ಇಲಿಯನ್ನು ಸೆರೆಮನೆಗೆ ಹಾಕುವುದು. ವಸ್ತುವು ಇಷ್ಟೇ. ಈ ಇಷ್ಟನ್ನೇ ಹೆರಿಮನ್ನನು ತಾನು 1944ರಲ್ಲಿ ಸಾಯುವ ವರೆಗೂ ಬೇಸರ ಬಾರದಂತೆ ನಡೆಸಿದನು. ಸಾಮಾನ್ಯ ಓದುಗರು ಅದನ್ನು ಅಷ್ಟಾಗಿ ಮೆಚ್ಚದಿದ್ದರೂ ಹರ್ಸ್ಟನು ಅದನ್ನು ಕೈಬಿಡಲಿಲ್ಲ. ಹಳದಿ ಅಂಗಿಯ ಹುಡುಗನಿಗಾಗಿ ಜಗಳವಾಡಿದ ವ್ಯಾಪಾರಿಯೇ ಈ ಬೆಕ್ಕಿಗೆ ಆಶ್ರಯದಾತನಾದುದು ಚರಿತ್ರೆಯ ವಿನೋದಗಳಲ್ಲೊಂದು. 1924ರಲ್ಲಿ ಗಿಲ್ಬರ್ಟ್ ಸೆಲ್ಡಿಸ್ ಎಂಬ ವಿಮರ್ಶಕನು ಈ ಮಾಲೆಯನ್ನು ಉತ್ತಮ ಕಲೆಯ ಪಂಕ್ತಿಯಲ್ಲಿಟ್ಟು ಬರೆದಾಗ ವಿದ್ವಾಂಸರು ಮೊದಲ ಸಲ ತಿರುಗಿ ನೋಡುವಂತಾಯಿತು.

1929ರ ಜನವರಿ 7ನೆಯ ತಾರೀಖಿನಂದು ‘ಟಾರ್ಜನ್’ ಮತ್ತು ‘ಬಕ್ ರೋಜರ್ಸ್’ ಎಂಬ ಎರಡು ಮಾಲೆಗಳು ಒಂದೇ ದಿನ ಆರಂಭವಾಗಿ, ಹಾಸ್ಯದೊಡನೆ ವೀರಾದ್ಭುತಗಳಿಗೂ ಈ ಕಲೆಯಲ್ಲಿ ಸ್ಥಾನ ದೊರೆಯಿತು. ಅದೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ ಎರ್ಜೆಯ ‘ಟಿನ್‌ಟಿನ್’ ಹುಟ್ಟಿದನು. ಲೀ ಫಾಕನು 1934ರಲ್ಲಿ ‘ಮಾಂಡ್ರೇಕ್’ ಎಂಬ ಮಾಂತ್ರಿಕನನ್ನೂ, 1936ರಲ್ಲಿ ‘ಫ್ಯಾಂಟಮ್’ ಎಂಬ ಕಾಡಿನ ವೀರನನ್ನೂ ಸೃಷ್ಟಿಸಿದನು. ಈ ಇಬ್ಬರೂ ಭಾರತದಲ್ಲಿ ತಾಯ್ನಾಡಿನಷ್ಟೇ ಆದರವನ್ನು ಪಡೆದರು. 1964ರಲ್ಲಿ ಮುಂಬಯಿಯಿಂದ ಹೊರಟ ‘ಇಂದ್ರಜಾಲ ಕಾಮಿಕ್ಸ್’ ಅವರನ್ನು ಮನೆಮನೆಗೂ ತಂದಿತು. ಫ್ಯಾಂಟಮನ ನಾಡಿಗೆ ಮೂಲದಲ್ಲಿ ಇದ್ದ ‘ಬೆಂಗಾಲಿ’ ಎಂಬ ಹೆಸರು ಇಲ್ಲಿಯ ಓದುಗರಿಗೆ ವಂಗದೇಶವನ್ನು ನೆನಪಿಗೆ ತರುವಂತಿದ್ದಿತು. ಭಾರತದ ಆವೃತ್ತಿಯಲ್ಲಿ ಅದು ‘ಡೆಂಕಾಲಿ’ ಆಯಿತು. ಆ ಪುಸ್ತಕಮಾಲೆಯಲ್ಲಿ ದುಡಿದವರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈಗಳೂ ಒಬ್ಬರು. ಪರದೇಶದ ವೀರರನ್ನು ಬಲ್ಲ ಮಕ್ಕಳಿಗೆ ಸ್ವದೇಶದ ಪುರಾಣಗಳು ತಿಳಿಯವೆಂಬ ಕೊರಗಿನಿಂದ ಅವರು 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯನ್ನು ಕಟ್ಟಿದರು. ನ್ಯೂಯಾರ್ಕಿನ ಓಣಿಯಲ್ಲಿ ಬೆಳೆದ ರೂಪದಲ್ಲಿ ಕೃಷ್ಣನ ಕಥೆಯು ಹೀಗೆ ಇಲ್ಲಿಯ ಮಕ್ಕಳ ಕೈಗೆ ಬಂದಿತು.

ಈ ಚಿತ್ರಮಾಲೆಗಳು ಜನರ ಮನಸ್ಸನ್ನು ಎಷ್ಟರಮಟ್ಟಿಗೆ ಹಿಡಿದಿದ್ದುವೆಂಬುದು 1945ರ ಜುಲೈ ತಿಂಗಳಲ್ಲಿ ಬಯಲಾಯಿತು. ನ್ಯೂಯಾರ್ಕಿನಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದರು. ಮಹಾಯುದ್ಧವು ಇನ್ನೂ ಮುಗಿಯದಿದ್ದ ಕಾಲ. ಸುದ್ದಿಗೆ ರೇಡಿಯೋ ಇದ್ದಿತು. ಆದರೆ ಚಿತ್ರಮಾಲೆಗೆ ಗತಿಯಿರಲಿಲ್ಲ. ಆಗ ನಗರದ ಮೇಯರನಾದ ಲಾಗಾರ್ಡಿಯಾ ರೇಡಿಯೋದಲ್ಲಿ ಕುಳಿತು, ನಗರದ ಮಕ್ಕಳಿಗಾಗಿ ಆ ವಾರದ ಚಿತ್ರಕಥೆಗಳನ್ನು ಸ್ವರವನ್ನು ಬದಲಿಸುತ್ತ, ಅಭಿನಯಪೂರ್ವಕವಾಗಿ ಓದಿ ಹೇಳಿದನು. ಅವನು ಮಾಡಿದ ಇತರ ಎಷ್ಟೋ ಕಾರ್ಯಗಳು ಮರೆತುಹೋದರೂ ಈ ಓದು ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಯುದ್ಧಾನಂತರದ ಎರಡು ಮಾಲೆಗಳನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ 1946ರಲ್ಲಿ ಮಾಚಿಕೋ ಹಾಸೆಗಾವಾ ಎಂಬ ತರುಣಿಯು ‘ಸಜಾಯೆ-ಸಾನ್’ ಎಂಬ ಗೃಹಿಣಿಯ ಕಥೆಯನ್ನು ನಾಲ್ಕು ಚೌಕಗಳಲ್ಲಿ ಬರೆಯಲು ತೊಡಗಿದಳು. ತಂದೆತಾಯಿಗಳು, ಗಂಡ, ಮಗು, ತಮ್ಮ, ತಂಗಿ ಎಲ್ಲರೂ ಒಂದೇ ಸೂರಿನಡಿಯಲ್ಲಿ ಬಾಳುವ ಆ ಸಂಸಾರದ ನಗುವು 1974ರ ವರೆಗೆ ಪತ್ರಿಕೆಯಲ್ಲಿ ನಡೆಯಿತು. ಅಮೇರಿಕಾದಲ್ಲಿ ಚಾರ್ಲ್ಸ್ ಶುಲ್ಟ್ಜನು 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ‘ಪೀನಟ್ಸ್’ ಮಾಲೆಯನ್ನು ಆರಂಭಿಸಿದನು. ಆ ಹೆಸರು ಪ್ರಕಾಶಕರು ಇಟ್ಟದ್ದು. ಶುಲ್ಟ್ಜನಿಗೆ ಅದು ಕಡೆಯ ವರೆಗೂ ಹಿಡಿಸಲಿಲ್ಲ. ಅದರ ನಾಯಕನಾದ ಚಾರ್ಲಿ ಬ್ರೌನನು ಎಂದೂ ಗೆಲ್ಲದ ಹುಡುಗ. ಆಟದಲ್ಲಿ ಸೋಲುವನು, ಹಾರಿಸಿದ ಗಾಳಿಪಟವು ಮರಕ್ಕೆ ಸಿಕ್ಕಿಕೊಳ್ಳುವುದು, ಆದರೂ ಮರುದಿನ ಬೆಳಗ್ಗೆ ಮತ್ತೆ ಹೊರಡುವನು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗನ ಹತ್ಯೆಯಾದ ಮೇಲೆ ಲಾಸ್ ಏಂಜಲಿಸ್ ನಗರದ ಉಪಾಧ್ಯಾಯಿನಿಯೊಬ್ಬಳು, ಈ ಮಕ್ಕಳ ಗುಂಪಿಗೆ ಕರಿಯ ಬಾಲಕನನ್ನೂ ಸೇರಿಸಬೇಕೆಂದು ಶುಲ್ಟ್ಜನಿಗೆ ಪತ್ರ ಬರೆದಳು. ಅದೇ ಜುಲೈ ತಿಂಗಳಲ್ಲಿ ಫ್ರಾಂಕ್ಲಿನ್ ಎಂಬ ಬಾಲಕನು ಸಮುದ್ರತೀರದಲ್ಲಿ ಚಾರ್ಲಿ ಬ್ರೌನನನ್ನು ಸಂಧಿಸಿದನು. ಯಾವ ಭಾಷಣವೂ ಇಲ್ಲ. ಇಬ್ಬರು ಹುಡುಗರು ಕೂಡಿ ಮರಳಿನ ಕೋಟೆಯನ್ನು ಕಟ್ಟಿದರು. ಶುಲ್ಟ್ಜನು ಸುಮಾರು 50 ವರ್ಷಗಳ ಕಾಲ ಬೇರೆಯವರ ಕೈ ಸೋಂಕದಂತೆ ತಾನೊಬ್ಬನೇ 17,897 ಕಂತುಗಳನ್ನು ಬರೆದನು. ತನ್ನ ತರುವಾಯ ಯಾರೂ ಅದನ್ನು ಮುಂದುವರಿಸಕೂಡದೆಂದು ವಿಧಿಸಿದನು. 2000ನೆಯ ಇಸವಿಯ ಫೆಬ್ರವರಿ 12ರ ರಾತ್ರಿ ಅವನು ತೀರಿಕೊಂಡನು. ಮರುದಿನ ಬೆಳಗಿನ ಭಾನುವಾರದ ಪತ್ರಿಕೆಯಲ್ಲಿ ಕಡೆಯ ಕಂತು ಅಚ್ಚಾಗಿ ಬಂದಿತು.

ಇಷ್ಟು ದೀರ್ಘವಾದ ಆಕರ್ಷಣೆಗೆ ಕಾರಣವೇನು? ಬರಿಯ ನಗೆಯೆಂದರೆ ಉತ್ತರವು ಸಾಲದು. ಅನೇಕ ದಿನಗಳ ಕಂತಿನಲ್ಲಿ ನಗೆಯು ತೆಳುವಾಗಿಯೇ ಇರುವುದು. ಮೊದಲನೆಯ ಕಾರಣವು ಪರಿಚಯ. ಸಂಸ್ಕೃತ ನಾಟಕದ ವಿದೂಷಕನು ಯಾವ ನಾಟಕದಲ್ಲಿ ಬಂದರೂ ಭೋಜನಪ್ರಿಯನೇ. ಅದನ್ನು ಬಲ್ಲ ಪ್ರೇಕ್ಷಕನು ಅವನು ಬಾಯಿ ತೆರೆಯುವ ಮೊದಲೇ ನಗಲು ಸಿದ್ಧನಾಗಿರುವನು. ಹಾಗೆಯೇ ಚಿತ್ರಮಾಲೆಯ ಪಾತ್ರವು ದಿನವೂ ಬಂದು ಹೋಗುವ ನೆರೆಯವನಂತೆ. ಅವನು ಹೊಸದೇನನ್ನೂ ತರದಿದ್ದರೂ ಬಾರದಿದ್ದ ದಿನ ಮನೆಯು ಬರಿದೆನಿಸುವುದು. ಎರಡನೆಯ ಕಾರಣವು ಕಲೆಯ ಒಳಗುಟ್ಟಿಗೆ ಸಂಬಂಧಿಸಿದುದು. ಒಂದು ಚೌಕದಲ್ಲಿ ಇಲಿಯು ಇಟ್ಟಿಗೆಯನ್ನೆತ್ತುವುದು. ಮುಂದಿನ ಚೌಕದಲ್ಲಿ ಬೆಕ್ಕು ಬಿದ್ದಿರುವುದು. ಪೆಟ್ಟು ಬಿದ್ದುದು ಎರಡು ಚೌಕಗಳ ನಡುವಣ ಬಿಳಿಯ ಸಂದಿನಲ್ಲಿ. ಅದನ್ನು ಬರೆದವನು ಚಿತ್ರಕಾರನಲ್ಲ, ಓದುಗನು. ಹೇಳದೆ ತಿಳಿಸುವುದನ್ನೇ ಆನಂದವರ್ಧನನು ಧ್ವನಿಯೆಂದು ಕರೆದು ಕಾವ್ಯದ ಆತ್ಮವೆಂದನು. ಮಕ್ಕಳ ಮೂಲೆಯಲ್ಲಿಯೂ ಆ ವ್ಯಾಪಾರವೇ ನಡೆಯುತ್ತಿರುವುದನ್ನು ಕಂಡವರು ಈ ಕಲೆಯನ್ನು ಕೀಳೆಂದು ಎಣಿಸಲಾರರು. ಮೂರನೆಯದು, ಒಬ್ಬನ ಕೈಬರಹದ ಸಾತತ್ಯ. ಪತ್ರಿಕೆಯ ಉಳಿದುದೆಲ್ಲ ಹಲವರ ಕೆಲಸ. ಈ ಸಾಲು ಮಾತ್ರ ಒಬ್ಬ ಮನುಷ್ಯನ ಕೈ ನಡುಗಿದರೆ ತಾನೂ ನಡುಗುವುದು. ಶುಲ್ಟ್ಜನ ಕೊನೆಯ ವರ್ಷಗಳ ರೇಖೆಗಳಲ್ಲಿ ಆ ನಡುಕವನ್ನು ಓದುಗರು ಕಂಡರು.

ಅಂಥ ಕೈಗೆ ತನ್ನ ಸೃಷ್ಟಿಯ ಮೇಲೆ ಅಧಿಕಾರವಿರಬೇಕೆಂಬ ವಾದವು ಔಟ್‌ಕಾಲ್ಟನ ಕಾಲದಿಂದಲೂ ನಡೆಯಿತು. 1946ರಲ್ಲಿ ಮಿಲ್ಟನ್ ಕನಿಫನು ಕೀರ್ತಿಯ ಶಿಖರದಲ್ಲಿದ್ದ ತನ್ನ ‘ಟೆರ್ರಿ ಅಂಡ್ ದಿ ಪೈರೇಟ್ಸ್’ ಮಾಲೆಯು ತನ್ನದಲ್ಲವೆಂಬ ಕಾರಣಕ್ಕಾಗಿಯೇ ಅದನ್ನು ತೊರೆದು, ಮರುವರ್ಷ ತನ್ನ ಸ್ವಂತ ಹಕ್ಕಿನ ಮಾಲೆಯೊಂದನ್ನು ಆರಂಭಿಸಿದನು. 1985ರಲ್ಲಿ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಎಂಬ ಮಾಲೆಯನ್ನು ತೊಡಗಿದ ಬಿಲ್ ವಾಟರ್ಸನ್ನನು ತನ್ನ ಬಾಲಕನನ್ನೂ ಹುಲಿಯನ್ನೂ ಆಟದ ಬೊಂಬೆಗಳಾಗಿ ಮಾರಲು ಒಪ್ಪದೆ, ಕೈಗೆ ಬಂದ ಅಪಾರ ಧನವನ್ನು ನಿರಾಕರಿಸಿದನು. 1995ರ ಡಿಸೆಂಬರ್ 31ರಂದು, ಓದುಗರು ಇನ್ನೂ ಬೇಕೆನ್ನುತ್ತಿರುವಾಗಲೇ, ಲೇಖನಿಯನ್ನು ಕೆಳಗಿಟ್ಟನು. ಹಳದಿ ಅಂಗಿಯ ಹುಡುಗನನ್ನು ಹಣವು ಎಳೆದಾಡಿದ ದಿನದಿಂದ ಹಣವನ್ನೇ ದೂರವಿಟ್ಟ ಈ ದಿನದ ವರೆಗೆ ಈ ಕಲೆಯು ನಡೆದ ದಾರಿಯು ಸಣ್ಣದಲ್ಲ.

ಇತ್ತೀಚೆಗೆ ಪತ್ರಿಕೆಗಳ ಪುಟಗಳು ಕುಗ್ಗುತ್ತಿವೆ; ಮೆಕ್‌ಕೇ ಒಬ್ಬನಿಗೇ ದೊರೆತಿದ್ದ ಜಾಗದಲ್ಲಿ ಹಲವು ಮಾಲೆಗಳು ಇರುಕಿಕೊಂಡಿರುವುವು. ಅನೇಕ ಪತ್ರಿಕೆಗಳು ನಿಂತುಹೋಗಿ ಚಿತ್ರಮಾಲೆಗಳು ಗಣಕಯಂತ್ರದ ಮತ್ತು ಕೈಫೋನಿನ ತೆರೆಗೆ ವಲಸೆಹೋಗಿವೆ. ಆದುದರಿಂದ ಕಲೆಯು ಅಳಿಯುವುದೆಂದು ಅಂಜಬೇಕಾಗಿಲ್ಲ. ರೂಪವು ಸುತ್ತುಗೋಡೆಯನ್ನು ಬಿಟ್ಟು ಕಾಗದಕ್ಕೆ ಬಂದಂತೆ ಕಾಗದವನ್ನು ಬಿಟ್ಟು ತೆರೆಗೆ ಹೋಗಬಹುದು. ನಷ್ಟವಾಗುವುದು ಬೇರೊಂದು. ಕೈಫೋನಿನ ತೆರೆಯು ಒಬ್ಬೊಬ್ಬರಿಗೆ ಒಂದೊಂದು. ಪತ್ರಿಕೆಯು ಮನೆಗೆಲ್ಲ ಒಂದು. ಒಂದೇ ಹಾಳೆಯನ್ನು ತಾತನು ಮುಗಿಸಲೆಂದು ಮೊಮ್ಮಗನು ಕಾದು, ತರುವಾಯ ಅದೇ ಚೌಕವನ್ನು ನೋಡಿ ಅವನೂ ನಕ್ಕಾಗ, ಅವರಿಬ್ಬರ ನಡುವಣ ಅರುವತ್ತು ವರ್ಷಗಳ ಅಂತರವು ಆ ಒಂದು ಗಳಿಗೆ ಇಲ್ಲವಾಗುತ್ತಿದ್ದಿತು. ಪತ್ರಿಕೆಯನ್ನು ಇನ್ನೂ ತರಿಸುವ ಮನೆಗಳಲ್ಲಿ ಆ ಮೂಲೆಯನ್ನು ಮಕ್ಕಳೊಡನೆ ಕುಳಿತು ಓದಲು ಹಿರಿಯರು ನಾಚಬೇಕಾದ ಕಾರಣವಿಲ್ಲ.