ರೇಡಿಯೋ ಮುಳ್ಳಿನಿಂದ ಮೊಬೈಲ್ ಪರದೆಗೆ

ಹಳೆಯ ರೇಡಿಯೋ ಒಂದನ್ನು ನೆನಪಿಸಿಕೊಳ್ಳಿ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮಧ್ಯಮ ತರಂಗದಲ್ಲಿ ಅದರ ಆವೃತ್ತಿ 675 ಕಿಲೋಹರ್ಟ್ಸ್ ಎಂದು ಕೇಳುಗರಿಗೆ ಬಾಯಿಪಾಠವಾಯಿತು. ಬೆಂಗಳೂರಿನದು 612, ಧಾರವಾಡದ್ದು 765. ಶಿವಮೊಗ್ಗದ ಮನೆಯಲ್ಲಿ ತಿರುಗುಣಿ ತಿರುಗಿಸಿದರೆ ಗಾಜಿನ ಹಿಂದಿನ ಮುಳ್ಳು ಬೆಂಗಳೂರನ್ನು ಬಿಟ್ಟು, ಭದ್ರಾವತಿ ದಾಟಿ, ಧಾರವಾಡದತ್ತ ಸರಿಯುತ್ತಿತ್ತು. ದಾಟಿ ಹೋದರೆ ಎತ್ತ ಹಿಂದಿರುಗಬೇಕೆಂದು ಅಜ್ಜಿಗೂ ತಿಳಿಯುತ್ತಿತ್ತು!

ಏಕೆಂದರೆ ತಿರುಗುಣಿಗೆ ಸುತ್ತಿದ ದಾರವೇ ಮುಳ್ಳನ್ನು ಎಳೆಯುತ್ತಿತ್ತು, ಗ್ಯಾಂಗ್ ಕಂಡೆನ್ಸರನ್ನೂ ತಿರುಗಿಸುತ್ತಿತ್ತು. ಮುಳ್ಳು ಸುಳ್ಳು ಹೇಳುವಂತಿರಲಿಲ್ಲ. (ದಾರ ಜಾರಿದಾಗಿನ ಮಾತು ಬೇರೆ.) ಅಂಕಿ ತೋರಿಸುವ ಡಿಜಿಟಲ್ ರೇಡಿಯೋ ಬಂದ ಮೇಲೆ ಗುಂಡಿ ಒತ್ತಿದೊಡನೆ 675 ಮಾಯವಾಗಿ 765 ಕಾಣಿಸತೊಡಗಿತು. ನಿಖರತೆ ಹೆಚ್ಚಿತು, ನಡುವಿನ ದಾರಿ ಅಳಿಸಿಹೋಯಿತು.

ಗಣಕದ ಪರದೆಗೂ ಇದೇ ಕೊರತೆಯಿತ್ತು. ಒಂದು ಚಿತ್ರ ಅಳಿಸಿ ಇನ್ನೊಂದು ಬಂದರೆ, ಮೊದಲಿನದು ಎಲ್ಲಿ ಹೋಯಿತೆಂದು ನೋಡುವವರೇ ಊಹಿಸಬೇಕು. 1984ರ ಮ್ಯಾಕಿಂತೋಷ್‌ನಲ್ಲಿ ಕಡತದ ಚಿಹ್ನೆಯಿಂದ ಹೊರಟ ಚೌಕಟ್ಟುಗಳು ದೊಡ್ಡದಾಗುತ್ತ ಕಿಟಕಿಯಾಗಿ ತೆರೆದುಕೊಂಡವು. ರೇಡಿಯೋ ಮುಳ್ಳು ಬೇರೆ ವೇಷದಲ್ಲಿ ಮರಳಿತು ಎನ್ನೋಣವೇ? ಆದರೆ ಇಲ್ಲಿ ದಾರವಿಲ್ಲ. ಚಲನೆಯನ್ನು ಯಾರಾದರೂ ರಚಿಸಬೇಕು.

ಹೇಗೆ ರಚಿಸುವುದು? 1993ರಲ್ಲಿ ಬೇ-ವೇ ಚಾಂಗ್ ಮತ್ತು ಡೇವಿಡ್ ಉಂಗರ್ ಕಾರ್ಟೂನ್ ಚಿತ್ರಗಳ ತಂತ್ರಗಳನ್ನು ಗಣಕದ ಪರದೆಗೆ ಅಳವಡಿಸಿ ತೋರಿಸಿದರು. ಡಿಸ್ನಿ ಕಲಾವಿದರು ವಸ್ತುವನ್ನು ನಿಧಾನವಾಗಿ ಹೊರಡಿಸಿ, ನಿಧಾನವಾಗಿ ನಿಲ್ಲಿಸುತ್ತಿದ್ದರು. ಇದನ್ನು ನೀವೇ ಲೆಕ್ಕ ಮಾಡಿ ನೋಡಬಹುದು. ಒಟ್ಟು ದೂರ, ಒಟ್ಟು ಕಾಲ ಎರಡನ್ನೂ 1 ಎಂದುಕೊಂಡು, ದೂರ = 3ಕಾ² − 2ಕಾ³ ಎಂಬ ಸಮೀಕರಣದ ನಕ್ಷೆ ಬರೆಯಿರಿ ('ಕಾ' ಎಂದರೆ ಕಳೆದ ಕಾಲ). ಮೊದಲ ಕಾಲುಭಾಗದ ಅವಧಿಯಲ್ಲಿ ವಸ್ತು ಸಾಗುವುದು ಶೇ. 16ರಷ್ಟು ಮಾತ್ರ, ನಡುವಿನ ಅರ್ಧ ಅವಧಿಯಲ್ಲಿ ಸುಮಾರು ಶೇ. 69. ಎರಡೂ ತುದಿಗಳಲ್ಲಿ ವೇಗ ಸೊನ್ನೆ. ಕಣ್ಣಿಗೆ ಹಿಂಬಾಲಿಸಲು ಸಮಯ ಸಿಗುತ್ತದೆ.

2007ರ ಐಫೋನ್‌ನಲ್ಲಿ ಪಟ್ಟಿಯ ಕೊನೆ ಮುಟ್ಟಿದರೆ ಅದು ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರುತ್ತಿತ್ತು. 'ಮುಂದೆ ಏನೂ ಇಲ್ಲ' ಎಂದು ಬರೆದು ತಿಳಿಸುವ ಅಗತ್ಯವೇ ಬೀಳಲಿಲ್ಲ. ನನಗೆ ಇದು ಇಡೀ ಕಥೆಯ ಅತ್ಯುತ್ತಮ ಉಪಾಯವೆನಿಸುತ್ತದೆ.

ಅತಿಯೂ ಆಯಿತು. 2013ರ ಐಓಎಸ್ 7ರಲ್ಲಿ ಪರದೆ ಮುನ್ನುಗ್ಗುವುದು, ಹಿನ್ನೆಲೆ ತೇಲುವುದು ಕೆಲವರಿಗೆ ತಲೆಸುತ್ತು, ವಾಕರಿಕೆ ತಂದವು. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಇದು ಗೊತ್ತು. ಅಲ್ಲಿ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು 'ತಿರುಗುತ್ತಿದ್ದೇವೆ' ಎನ್ನುತ್ತವೆ, ಪುಟದ ಮೇಲಿನ ಕಣ್ಣು 'ಇಲ್ಲ' ಎನ್ನುತ್ತದೆ. ಮೊಬೈಲಿನಲ್ಲಿ ಸಾಕ್ಷಿಗಳು ಅದಲುಬದಲು. ಮರುತಿಂಗಳ ತಿದ್ದುಪಡಿಯಲ್ಲಿ, ಚಲನೆ ತಗ್ಗಿಸುವ ಆಯ್ಕೆಯನ್ನು ಹಾಕಿಕೊಂಡವರಿಗೆ ಆ ನುಗ್ಗಾಟ ನಿಂತು, ಒಂದು ಪುಟ ಮಸುಕಾಗಿ ಇನ್ನೊಂದು ಮೂಡುವಂತಾಯಿತು.

ಇಂಥ ಆಯ್ಕೆ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಒಂದು ದಿನ ಅದನ್ನು ಹಾಕಿಕೊಂಡು ಫೋನ್ ಬಳಸಿ ನೋಡಿ. ಎಲ್ಲೆಲ್ಲಿ ದಾರಿ ತಪ್ಪಿದಿರಿ, ಎಲ್ಲೆಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ ಎಂದು ಬರೆದಿಟ್ಟುಕೊಳ್ಳಿ.