ಏಕಪಕ್ಷೀಯ ಕರಾರು

ಏಕಪಕ್ಷೀಯ ಕರಾರು: ಒಬ್ಬರ ಷರತ್ತಿನ ವಾಗ್ದಾನವನ್ನು ಮತ್ತೊಬ್ಬರು ಕೇಳಿದ ಕೆಲಸ ಮಾಡಿಯೇ ಒಪ್ಪುವ ಒಪ್ಪಂದ. ಕಾರ್ಲಿಲ್ ಮೊಕದ್ದಮೆ (1893) ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಪ್ರಸಿದ್ಧ ಆಧಾರ: ಔಷಧ ಬಳಸಿಯೂ ಇನ್‌ಫ್ಲುಯೆಂಜಾ ತಗುಲಿದವರಿಗೆ 100 ಪೌಂಡ್ ಎಂದು ಸಾರಿ, 1,000 ಪೌಂಡ್ ಬ್ಯಾಂಕಿನಲ್ಲಿಟ್ಟ ಕಂಪನಿಗೆ ಅದು ಬರಿಯ ಜಾಹೀರಾತೆಂದು ನುಣುಚಿಕೊಳ್ಳಲಾಗಲಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 8ನೇ ಕಲಮಿನಂತೆ ಷರತ್ತು ಪೂರೈಸುವುದೇ ಸ್ವೀಕಾರ. ಕೆಲಸಕ್ಕೆ ಕಟ್ಟುಬೀಳದವರಿಗೆ ಹಕ್ಕೇಕೆ ಎಂಬ ಆಕ್ಷೇಪ ನಿಲ್ಲದು. ಮಾಡಿ ಮುಗಿಸಿದ ಕೆಲಸವೇ ಪ್ರತಿಫಲ. ಬಹುಮಾನದ ಘೋಷಣೆ ತಿಳಿಯದೆ ಮಾಡಿದ್ದಕ್ಕೆ ಮಾತ್ರ ಹಕ್ಕಿಲ್ಲ (ಲಾಲ್‌ಮನ್ ಶುಕ್ಲಾ, ಅಲಹಾಬಾದ್, 1913). ಬರಿಯ ದಾನ ಈ ವರ್ಗಕ್ಕೆ ಸೇರದು. ಆದರೆ ಚಂದಾ ಭರವಸೆ ನಂಬಿ ಕಟ್ಟಡದ ಗುತ್ತಿಗೆ ಕೊಟ್ಟಿದ್ದರೆ ಚಂದಾ ವಸೂಲಿಗೆ ಅರ್ಹವೆಂದು ಕಲ್ಕತ್ತಾ ಹೈಕೋರ್ಟು 1886ರಲ್ಲಿ, ಹೌರಾ ಪುರಭವನದ ಪ್ರಕರಣದಲ್ಲಿ, ತೀರ್ಪಿತ್ತಿತು.