ಎಲೆಯ ತುಣುಕಿನಿಂದ ಕಾಫಿ ಸಸಿ: ಕಾಯಿಕ ಭ್ರೂಣೋತ್ಪತ್ತಿಯಲ್ಲಿ ಹಾರ್ಮೋನು ಮತ್ತು ವಂಶವಾಹಿಗಳ ಪಾತ್ರ

ಮೂಡಿಗೆರೆ, ಕಳಸ ಭಾಗದ ರೊಬಸ್ಟಾ ತೋಟಗಳಲ್ಲಿ ಒಂದೇ ಸಾಲಿನ, ಒಂದೇ ವಯಸ್ಸಿನ ಗಿಡಗಳ ನಡುವೆ ಇಳುವರಿಯ ಅಂತರ ಕಾಣುವುದು ಬೆಳೆಗಾರರಿಗೆ ಹೊಸತಲ್ಲ. ಇದಕ್ಕೆ ಗೊಬ್ಬರವಷ್ಟೇ ಕಾರಣವಲ್ಲ. ರೊಬಸ್ಟಾ 22 ವರ್ಣತಂತುಗಳುಳ್ಳ, ತನ್ನದೇ ಪರಾಗವನ್ನು ಸ್ವೀಕರಿಸದ ಬೆಳೆ. ಅತ್ಯುತ್ತಮ ಗಿಡದಿಂದ ಬೀಜ ಆರಿಸಿದರೂ ಅದರ ಪಿತೃಗಿಡ ಯಾವುದೆಂಬುದು ಗಾಳಿ ಮತ್ತು ಜೇನುನೊಣಗಳಿಗೆ ಬಿಟ್ಟ ವಿಷಯ. 44 ವರ್ಣತಂತುಗಳ ಅರೇಬಿಕಾ ಬಹುಪಾಲು ಸ್ವಪರಾಗಸ್ಪರ್ಶಿಯಾದ್ದರಿಂದ ಅಲ್ಲಿ ಈ ತೊಡಕು ಕಡಿಮೆ. ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಲು ಇರುವ ಮಾರ್ಗಗಳಲ್ಲಿ ಒಂದು, ಎಲೆಯ ಸಾಮಾನ್ಯ ಕೋಶಗಳಿಂದಲೇ ಭ್ರೂಣ ಪಡೆಯುವ ಕಾಯಿಕ ಭ್ರೂಣೋತ್ಪತ್ತಿ.

ಇದು ಪ್ರಯೋಗಾಲಯದಲ್ಲಿ ಮಾತ್ರ ನಡೆಯುವ ಸೋಜಿಗವಲ್ಲ. ಕಾಫಿಯ ನಡುವೆ ಬೆಳೆಯುವ ಕೊಡಗಿನ ಕಿತ್ತಳೆಯ ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುವುದನ್ನು ಅನೇಕರು ಗಮನಿಸಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಪರ್ಕವಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದ ಭ್ರೂಣಗಳು. ಆದ್ದರಿಂದಲೇ ಬೀಜದ ಕಿತ್ತಳೆಯೂ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ.

ಎಲೆಯ ಪ್ರತಿ ಜೀವಂತ ಕೋಶದಲ್ಲಿಯೂ ಇಡೀ ಗಿಡವನ್ನು ಕಟ್ಟುವ ವಂಶವಾಹಿಗಳಿವೆ. ಆದರೆ ಭ್ರೂಣಕ್ಕೆ ಸಂಬಂಧಿಸಿದವುಗಳಿಗೆ ಎಲೆಯಲ್ಲಿ ಬೀಗ ಬಿದ್ದಿರುತ್ತದೆ. ಬೀಗ ತೆರೆಯಲು ಸಾಮಾನ್ಯವಾಗಿ ಬಳಸುವ ವಸ್ತು ಬೆಳೆಗಾರರಿಗೆ ಚಿರಪರಿಚಿತವಾದ 2,4-ಡಿ. ಕಳೆನಾಶಕದ ಪ್ರಮಾಣದಲ್ಲಿ ಅಗಲ ಎಲೆಯ ಕಳೆಗಳ ಬೆಳವಣಿಗೆಯನ್ನು ಅಡ್ಡಾದಿಡ್ಡಿಯಾಗಿಸಿ ಕೊಲ್ಲುವ ಈ ಕೃತಕ ಆಕ್ಸಿನ್, ಪೋಷಕ ಮಾಧ್ಯಮದಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂನಷ್ಟಿದ್ದಾಗ ಎಲೆಯ ಕೋಶ ತನ್ನ ಕಸುಬನ್ನು ಮರೆಯುವಂತೆ ಮಾಡುತ್ತದೆ. ಸೈಟೊಕೈನಿನ್ ಜೊತೆಗೂಡಿದಾಗ ಕೋಶಗಳು ವಿಭಜನೆಗೊಂಡು ಕ್ಯಾಲಸ್ ಎಂಬ ಮುದ್ದೆಯಾಗುತ್ತವೆ. ಮುಂದಿನ ಹೆಜ್ಜೆ ಮುಖ್ಯವಾದುದು: ಆಕ್ಸಿನ್ ಅನ್ನು ಕಡಿಮೆ ಮಾಡಬೇಕು ಅಥವಾ ತೆಗೆದುಬಿಡಬೇಕು. ಇಲ್ಲವಾದರೆ ಮುದ್ದೆ ಮುದ್ದೆಯಾಗಿಯೇ ಉಳಿಯುತ್ತದೆ. ಬೇರು ಯಾವ ತುದಿ, ಚಿಗುರು ಯಾವ ತುದಿ ಎಂಬುದು ನಿರ್ಧಾರವಾಗುವುದಿಲ್ಲ.

ಈ ಹಂತದಲ್ಲಿ ಎಚ್ಚರಗೊಳ್ಳುವ ವಂಶವಾಹಿಗಳು ಇತರ ಸಸ್ಯಗಳಲ್ಲಿ ಮೊದಲು ಪತ್ತೆಯಾದವು. 1998ರಲ್ಲಿ ಅರಬಿಡಾಪ್ಸಿಸ್ ಎಂಬ ಸಣ್ಣ ಸಸ್ಯದಲ್ಲಿ ‘ಲೀಫಿ ಕಾಟಿಲಿಡನ್-1’, 2002ರಲ್ಲಿ ಸಾಸಿವೆಯ ಬಂಧುವಾದ ರೇಪ್‌ಸೀಡ್‌ನಲ್ಲಿ ‘ಬೇಬಿ ಬೂಮ್’ ವರದಿಯಾದವು. ಇವುಗಳನ್ನು ಬಲವಂತವಾಗಿ ಚಾಲೂ ಮಾಡಿದರೆ ಹೊರಗಿನ ಹಾರ್ಮೋನಿಲ್ಲದೆಯೇ ಎಲೆಯ ಮೇಲೆ ಭ್ರೂಣಗಳು ಮೂಡುತ್ತವೆ. ಕಾಫಿ ಸಸಿ ತಯಾರಿಕೆಯಲ್ಲಿ ಹೀಗೆ ವಂಶವಾಹಿ ಸೇರಿಸುವುದಿಲ್ಲ. ಗಿಡದಲ್ಲಿ ಮೊದಲೇ ಇರುವುದನ್ನು ಹಾರ್ಮೋನಿನಿಂದ ಎಬ್ಬಿಸಲಾಗುತ್ತದೆ ಅಷ್ಟೆ. ಆದ್ದರಿಂದ ಇವು ಕುಲಾಂತರಿ ಸಸಿಗಳಲ್ಲ.

ಕಾಫಿಯಲ್ಲಿ ಕಾಯಿಕ ಭ್ರೂಣಗಳನ್ನು 1970ರಲ್ಲಿ ರೊಬಸ್ಟಾದ ಎಳೆ ಕಾಂಡದಿಂದ ಮೊದಲು ಪಡೆಯಲಾಯಿತು. 1977ರಲ್ಲಿ ಅರೇಬಿಕಾ ಎಲೆಯಿಂದ ಹೆಚ್ಚಿನ ಸಂಖ್ಯೆಯಲ್ಲಿ ಪಡೆಯುವ ವಿಧಾನ ಬಂತು. ನಮ್ಮ ರಾಜ್ಯದಲ್ಲಿ ಮೈಸೂರಿನಲ್ಲಿರುವ ಕಾಫಿ ಮಂಡಳಿಯ ಜೈವಿಕ ತಂತ್ರಜ್ಞಾನ ಕೇಂದ್ರ ಹಾಗೂ ಸಿ.ಎಫ್.ಟಿ.ಆರ್.ಐ. ಈ ದಿಕ್ಕಿನಲ್ಲಿ ಸಂಶೋಧನೆ ನಡೆಸಿವೆ. ಕತ್ತರಿಸಿದ ಎಲೆ ಹೊರಸೂಸುವ ಎಥಿಲೀನ್ ಅನಿಲವು ಭ್ರೂಣಕ್ಕೆ ಅಡ್ಡಿಯಾಗುವುದರಿಂದ, ಅದರ ಪರಿಣಾಮ ತಡೆಯುವ ಸಿಲ್ವರ್ ನೈಟ್ರೇಟ್ ಬಳಸಿದ ಪ್ರಯೋಗಗಳು ಸಿ.ಎಫ್.ಟಿ.ಆರ್.ಐ.ಯಲ್ಲಿ ನಡೆದಿವೆ.

ಅಂಗಾಂಶ ಬಾಳೆಯೊಂದಿಗೆ ಇದನ್ನು ಬೆರೆಸಬಾರದು. ಬಾಳೆಯನ್ನು ಸಾಮಾನ್ಯವಾಗಿ ಕಂದಿನ ಸುಳಿಯಿಂದ ವೃದ್ಧಿಸುತ್ತಾರೆ. ಇಲ್ಲಿ ಬೀಜದ ಭ್ರೂಣದಂತೆ ಎರಡೂ ತುದಿಗಳುಳ್ಳ ಹೊಸ ಭ್ರೂಣ ಹುಟ್ಟುತ್ತದೆ. ಹಾಗಾಗಿ ಸಸಿಗೆ ತಾಯಿಬೇರು ಬರುತ್ತದೆ. ಕಂಬಚಿಗುರಿನ ಕಡ್ಡಿಯಿಂದ ಬೆಳೆಸಿದ ಸಸಿಗೆ ಈ ಅನುಕೂಲವಿಲ್ಲ, ಆದರೆ ಅದು ಅಗ್ಗ.

ದೋಷಗಳೂ ಇವೆ. ಕ್ಯಾಲಸ್ ಹೆಚ್ಚು ಕಾಲ ಕುಪ್ಪಿಯಲ್ಲಿದ್ದಷ್ಟೂ ತಾಯಿಗಿಂತ ಭಿನ್ನವಾದ ಸಸಿಗಳ ಪಾಲು ಏರುತ್ತದೆ. ಎಲೆಯಿಂದ ನಾಟಿಗೆ ಸಿದ್ಧವಾದ ಸಸಿಯವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಚಂದ್ರಗಿರಿಯಂತಹ ಅರೇಬಿಕಾ ತಳಿಗೆ ಅಧಿಕೃತ ಮೂಲದ ಬೀಜ ದೊರೆಯುವಾಗ ಈ ಖರ್ಚು ಅನವಶ್ಯಕವೆಂದೇ ನಮ್ಮ ಅಭಿಪ್ರಾಯ. ಬೀಜದಲ್ಲಿ ಗುಣ ಒಡೆದುಹೋಗುವ ಮೊದಲ ಪೀಳಿಗೆಯ ಅರೇಬಿಕಾ ಸಂಕರಗಳಿಗೆ ಮತ್ತು ಆಯ್ದ ರೊಬಸ್ಟಾ ಗಿಡಗಳಿಗೆ ಮಾತ್ರ ಇದು ಹೊಂದುತ್ತದೆ.

ರೊಬಸ್ಟಾ ಬೆಳೆಗಾರರು ಒಂದು ವಿಷಯವನ್ನು ಮರೆಯಲೇಬಾರದು. ಒಂದೇ ತಾಯಿಗಿಡದ ಸಸಿಗಳೆಲ್ಲ ವಂಶವಾಹಿಗಳಲ್ಲಿ ಒಂದೇ ಗಿಡವಿದ್ದಂತೆ. ಅವುಗಳ ಪರಾಗ ಪರಸ್ಪರ ಕಾಯಿ ಕಟ್ಟುವುದಿಲ್ಲ. ಇಡೀ ತಾಕಿಗೆ ಒಂದೇ ತದ್ರೂಪಿ ನೆಟ್ಟರೆ ಹೂವು ತುಂಬಿದರೂ ಫಸಲು ಕೈಕೊಡುವುದು. ಹೂವಾಡುವ ಕಾಲ ಹೊಂದುವ, ಪರಸ್ಪರ ಪರಾಗ ಒಪ್ಪುವ ಹಲವು ತಾಯಿಗಿಡಗಳ ಸಸಿಗಳನ್ನು ಸಾಲು ಬದಲಿಸಿ ನೆಡಬೇಕು. ಖರೀದಿಸುವಾಗ ಪ್ರತಿ ತಂಡದ ತಾಯಿಗಿಡದ ಗುರುತನ್ನು ಬರಹದಲ್ಲಿ ಪಡೆದು, ಯಾವ ಸಾಲಿನಲ್ಲಿ ಯಾವುದಿದೆ ಎಂಬ ನಕ್ಷೆಯನ್ನು ತೋಟದ ದಾಖಲೆಯಲ್ಲಿ ಇಟ್ಟುಕೊಳ್ಳತಕ್ಕದ್ದು.